ಒಂದು ಗೇಣು, ನಾಲ್ಕು ಬೆರಳು

ಇಷ್ಟು ಸಾಕಾದೀತೇ? ಸ್ಟಿಯರಿಂಗ್ ಹಿಡಿದು ಕುಳಿತ ಶಿವಪುತ್ರನಿಗೆ ಬೆಳಗಿನಿಂದ ಇದೊಂದೇ ಅನುಮಾನ.

ಅವನದೂ ಗೆಳೆಯ ಯಮನಪ್ಪನದೂ ಒಂದೇ ಕಂಪನಿಯ, ಒಂದೇ ವರ್ಷದ ಪಿಕಪ್ ಗಾಡಿಗಳು. ನೆಲದಿಂದ ಯಾವುದು ಹೆಚ್ಚು ಎತ್ತರ ಎಂಬ ಜಗಳ ನಿನ್ನೆ ಸ್ಟ್ಯಾಂಡಿನಲ್ಲಿ ಪಂದ್ಯಕ್ಕೆ ತಿರುಗಿತ್ತು. ಶಿವಪುತ್ರ ಅಂಗಾತ ಮಲಗಿದ್ದ; ಯಮನಪ್ಪನ ಗಾಡಿ ಅವನ ಅಂಗಿಯ ಗುಂಡಿಯನ್ನೂ ಮುಟ್ಟದೆ ಮೇಲಿನಿಂದ ದಾಟಿ ಹೋಗಿತ್ತು. ಇವತ್ತು ಮಲಗುವ ಸರದಿ ಯಮನಪ್ಪನದು.

ಉಳಿದ ಡ್ರೈವರುಗಳು ಎರಡೂ ಗಾಡಿಗಳ ಮುಂದಿನ ಬಂಪರಿನ ಕೆಳಗೆ ಕೈಯಿಟ್ಟು ಅಳೆದರು. ಎರಡಕ್ಕೂ ಒಂದು ಗೇಣು, ನಾಲ್ಕು ಬೆರಳು.

"ಕೂದಲೆಳಿಯಷ್ಟೂ ಫರಕಿಲ್ಲ ಬಿಡ್ರಿ," ಎಂದ ಅವರಲ್ಲಿ ಹಿರಿಯ.

"ಬ್ಯಾಡೋ ಯಮನ್ಯಾ," ಎಂದ ಶಿವಪುತ್ರ. "ನಾಡಿದ್ದ ನಿನ್ನ ಲಗ್ನ ಐತಿ."

"ಅದಕ್ಕ ಹೊಟ್ಟಿ ಉರೀತೈತೇನ ನಿನಗ? ನಿನ್ನ ಸೋದರತ್ತಿ ಮಗಳು, ನಿನ್ನ ಮನಿಗೇ ಬರಬೇಕಾದಾಕಿ. ನಿನ್ನ ಒಲ್ಲೆ ಅಂದ್ಲು, ನನ್ನ ಒಪ್ಪಿದ್ಲು. ನಾ ಏನ್ ಮಾಡ್ಲೋ?"

ಸ್ಟ್ಯಾಂಡಿನ ತುಂಬ ನಗು ಎದ್ದಿತು. ಯಮನಪ್ಪ ಗಾಡಿಯ ಮುಂದೆ ಅಂಗಾತ ಬಿದ್ದುಕೊಂಡು ಕೈ ಬೀಸಿ ಕರೆದ. "ಬಾರೋ ದೋಸ್ತ! ನಿನ್ನ ಮ್ಯಾಲೆ ಇಲ್ಲದಿದ್ರೂ ನಿನ್ನ ಗಾಡಿ ಮ್ಯಾಲೆ ನನಗ ನಂಬಿಕಿ ಐತಿ."

ಶಿವಪುತ್ರನೂ ಎಲ್ಲರಂತೆ ನಕ್ಕ. ಮೊದಲನೇ ಗೇರು ಹಾಕಿದ.

ಗಾಡಿಯ ಹಿಂಭಾಗದ ಅಡಿಯಲ್ಲಿ ತೂಗುವ ಸ್ಟೆಪ್ನಿ ಚಕ್ರದ ಸರಪಳಿಯನ್ನು ನಸುಕಿನಲ್ಲಿ ತಾನೇ ಸಡಿಲಿಸಿ ಇಳಿಬಿಟ್ಟಿದ್ದನ್ನು ಅವನು ಆಗಲೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ.