ಇರೋದೊಂದೇ ಭರಣಿ

ಅಕ್ಕ ಬಂದಾಗಲೆಲ್ಲ ಅಕ್ಕಿ ಡಬ್ಬಿಯ ತಳ ಸೇರುತ್ತಿದ್ದ ಮುತ್ತಜ್ಜಿಯ ಬೆಳ್ಳಿ ಕುಂಕುಮ ಭರಣಿಯನ್ನು ವಾರಿಜಾ ಕೊನೆಗೂ ಹಳೆಯ ವಸ್ತುಗಳ ಪರೀಕ್ಷಕರ ಮುಂದಿಟ್ಟಳು.

“ಇದನ್ನ ಕೆಡದ ಹಾಗೆ ಕಾಪಾಡೋದು ಹೇಗೆ ಸರ್?”

ಅವರು ಮಸೂರ ಹಿಡಿದು ನೋಡಿದರು. “ಕಾಪಾಡೋ ಅಂಥದ್ದೇನಿಲ್ಲಮ್ಮ. ಹಳೇದಾಗಿ ಕಾಣ್ಲಿ ಅಂತ ಹೊಸ ಬೆಳ್ಳಿಗೆ ಕಪ್ಪು ಬಳಿದಿದ್ದಾರೆ.”

“ಸಾಧ್ಯವೇ ಇಲ್ಲ! ನಮ್ಮಮ್ಮ ಕಣ್ಮುಚ್ಚೋ ಮುಂಚೆ ಕೈಯಾರೆ ಕೊಟ್ಟಿದ್ದು.” ವಾರಿಜಾ ಅಮ್ಮನ ಪಿಸುದನಿಯನ್ನೇ ತಂದುಕೊಂಡಳು: “‘ಇರೋದು ಇದೊಂದೇ ಕಣೇ. ನೀನಂದ್ರೆ ನಂಗೆ ಪ್ರಾಣ. ಅದಕ್ಕೇ ನಿಂಗೆ...’”

“‘...ತಂಗಿಗೆ ಮಾತ್ರ ಹೇಳ್ಬೇಡ,’” ಎಂದು ಪರೀಕ್ಷಕರು ಅದೇ ಪಿಸುದನಿಯಲ್ಲಿ ಮುಗಿಸಿದರು.

“ತಂಗಿಗಲ್ಲ, ಅಕ್ಕನಿಗೆ,” ಎಂದು ತಿದ್ದಿದವಳು ಬೆಚ್ಚಿದಳು. “ಅಮ್ಮನ ಮಾತು ನಿಮಗೆ ಹೇಗೆ ಗೊತ್ತು?”

“ನಿನ್ನೆ ಇಂಥದ್ದೇ ಭರಣಿ ತಂದಿದ್ದ ಹೆಂಗಸು ತಂಗಿ ಅಂತಲೇ ಅಂದಿದ್ರಲ್ಲಮ್ಮಾ!”