ನೆರಳಿನ ದರ

ರಾಯಚೂರಿನಲ್ಲಿ ನೆರಳಿಗೆ ಮೀಟರ್ ಬಂದು ವರ್ಷಗಳೇ ಆಗಿದ್ದವು. ತರಗತಿಯ ಬಾಗಿಲ ಮೇಲೆ ಆ ಹೊತ್ತಿನ ದರ ಕೆಂಪಗೆ ಉರಿಯುತ್ತಿತ್ತು. ಒಳಗೆ ಜನ ಹೆಚ್ಚಿದಂತೆ ಅದೂ ಏರುತ್ತಿತ್ತು. ಆ ದುಡ್ಡು ಕಡಿತವಾಗುವ ಕೈಪಟ್ಟಿಯ ರೀಚಾರ್ಜ್ ಮುಗಿದವರು ಸುಮ್ಮನೆ ಎದ್ದುಹೋಗಿ, ಕಿಟಕಿಯಾಚೆ ಬಿಸಿಲಲ್ಲಿ ನಿಂತು ಪಾಠ ಕೇಳುವುದು ರೂಢಿ. ಆ ದಿನ ನಸೀಮಾ ಎದ್ದುಹೋಗಿದ್ದಳು. ಅವಳ ಖಾಲಿ ಜಾಗ ಕಂಡಾಗಿನಿಂದ ಅರ್ಥಶಾಸ್ತ್ರದ ಶರಣಮ್ಮ ಮೇಡಂ ಒಳಗೊಳಗೇ ಕುದಿಯುತ್ತಿದ್ದರು.

“ರೊಕ್ಕ ಇಲ್ಲದ ಸಿಗೋ ಸರಕು ಯಾವುದು? ಪುಸ್ತಕದಾಗಿಂದು ಬ್ಯಾಡ, ನಮ್ಮ ಊರಾಗಿಂದು ಹೇಳ್ರಿ.”

ಕಿಟಕಿಯಾಚೆ ಒಂದು ಕೈ ಮೇಲೆದ್ದಿತು.

“ಬಿಸಿಲ್ರಿ ಮೇಡಂ,” ಎಂದಳು ನಸೀಮಾ, ದುಪಟ್ಟಾದಿಂದ ಬೆವರು ಒರೆಸಿಕೊಳ್ಳುತ್ತ. “ಎಷ್ಟು ಬೇಕಾದ್ರೂ ತಗೋಬೋದು.”

ಉತ್ತರ ಸರಿಯಾಗಿತ್ತು. ಶರಣಮ್ಮನವರಿಗೆ ಸಿಟ್ಟು ನೆತ್ತಿಗೇರಿತು. ಪುಸ್ತಕವನ್ನು ಮೇಜಿಗೆ ಅಪ್ಪಳಿಸಿದರು.

“ಏಳ್ರಿ ಎಲ್ಲಾರೂ! ಹೊರಗ ನಡೀರಿ!”

“ಮೇಡಂ, ಬಿಸಿಲು ಸುಡಾಕತ್ತೈತ್ರಿ,” ಎಂದ ಮುಂದಿನ ಬೆಂಚಿನ ಹುಡುಗ.

“ಆಕಿ ಮ್ಯಾಲೆ ಬೆಳದಿಂಗಳು ಬಿದ್ದೈತೇನು? ನಡಿ!”

ಕ್ಲಾಸು ಬರಿದಾಯಿತು. ಕೊನೆಗೆ ಮೇಡಂ ಕೂಡ ಹೊರಗೆ ಬಂದರು. ಬಾಗಿಲ ಮೇಲಿನ ದರ ಒಂದು ಕ್ಷಣ ತಡೆದು, ಸರಸರನೆ ಇಳಿದು ಸೊನ್ನೆಗೆ ಬಂದು ನಿಂತಿತು.

“ಬೇಡಿಕೆ ಬಿದ್ರ ಬೆಲೆ ಏನಾಗ್ತೈತಿ, ನೋಡ್ಕೊಳ್ರಿ,” ಎಂದು ಶರಣಮ್ಮ ತಮ್ಮ ಪುಸ್ತಕವನ್ನು ನಸೀಮಾಳ ಕೈಗಿಟ್ಟರು. “ನೀ ಒಳಗ ಕುಂತು ಪಾಠ ಓದು. ನಾವು ಕಿಟಕ್ಯಾಗ ನಿಂತು ಕೇಳ್ತೀವಿ.”