ಮೊದಲು ದಡ ಸೇರಿದವಳು

ನೌಕಾ ಕಾಲೇಜಿನ ಕಚೇರಿಯಲ್ಲಿ ಶೀನ ಖಾರ್ವಿ ಮೇಜಿಗೆ ಗುದ್ದಿದ.

"ಎಂತ ಸಾರ್ ಇದು! ಐದು ವರ್ಷಕ್ಕೇ ಕಡಲಿಗಿಳಿದ ಹುಡುಗಿ ನೀರಿನ ಪರೀಕ್ಷೆಯಲ್ಲಿ ಫೇಲಾ? ಈಜು ಬಾರದ ಪೇಟೆ ಮಕ್ಕಳೆಲ್ಲ ಪಾಸು, ನನ್ನ ಮಗಳು ಮನೆಗಾ?"

ಬಾಗಿಲ ಬಳಿ ಮಗಳು ತಲೆ ತಗ್ಗಿಸಿ ನಿಂತಿದ್ದಳು.

"ಲೈಫ್ ಜಾಕೆಟ್ ತೊಟ್ಟು, ತಂಡದ ನಾಲ್ವರೂ ತೋಳಿಗೆ ತೋಳು ಸೇರಿಸಿ, ಬೋಟು ಬರುವ ತನಕ ತೇಲಬೇಕಿತ್ತು," ಎಂದರು ಕ್ಯಾಪ್ಟನ್. "ಇವಳು ತೋಳು ಬಿಡಿಸಿಕೊಂಡು ದಡಕ್ಕೆ ಈಜಿದಳು. ಒಂದು ಹಡಗು ಮುಳುಗಿದ ಮೇಲೆ ಕಟ್ಟಿದ ಕಾಲೇಜು ಇದು. ಅದರಲ್ಲಿದ್ದವರೆಲ್ಲ ಒಳ್ಳೆಯ ಈಜುಗಾರರೇ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಈಜಿದರು. ಒಬ್ಬನೂ ಸಿಗಲಿಲ್ಲ."

"ಪುಸ್ತಕದ ಮಾತು ಬಿಡಿ! ನಮ್ಮ ದೋಣಿ ಮಗುಚಿದಾಗ ಮೂರು ತಾಸು ಈಜಿ ದಡ ಸೇರಿದವ ನಾನು. ಅವಳಿಗೆ ಕಲಿಸಿದ್ದೂ ನಾನೇ!"

"ದೋಣಿಯಲ್ಲಿ ಎಷ್ಟು ಜನ ಇದ್ದಿರಿ?"

"ನಾಲ್ವರು."

"ಉಳಿದ ಮೂವರು?"

ಖಾರ್ವಿ ಮಗಳ ಕಡೆ ನೋಡಿದ. ಮೇಜಿನ ಮೇಲಿದ್ದ ಕೈ ತೆಗೆದ.

"ಐಸ್ ಪೆಟ್ಟಿಗೆ ಹಿಡ್ಕೊಂಡು ತೇಲ್ತಾ ಇದ್ರು. ಎತ್ತಲಿಕ್ಕೆ ಬಂದ ಬೋಟಿಗೆ ಹತ್ತದೆ, ಇನ್ನೊಬ್ಬ ಇದ್ದಾನೆ ಅಂತ ನನ್ನ ಹೆಸರು ಕೂಗ್ತಾ ಇದ್ರಂತೆ."